ಚಕ್ರದಿಂದ ಅಲೆಗೆ: ನಡೆಯಲಾರದವರ ಕಡಲಯಾನ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಬಿಡುವುದು ಹಿರಿಯರ ಪದ್ಧತಿ. ಮಂಡಿ, ಸೊಂಟ, ಹಿಮ್ಮಡಿ ಈ ಮೂರರಲ್ಲಿ ಒಂದಾದರೂ ಮುಷ್ಕರ ಹೂಡಿದ್ದು, ಕಡಲು ನೋಡುವ ಆಸೆ ಮಾತ್ರ ಇನ್ನೂ ಕೆಲಸಕ್ಕೆ ಹಾಜರಾಗುತ್ತಿರುವವರು ಇಲ್ಲಿ ಅಧಿಕಾರಿಗಳು. ಮಲಗಲು ಮಂಚ, ಚಹಾ ಕಾಯಿಸಲು ಒಲೆ, ಒಂದು ಕಮೋಡು ಇರುವ ಕ್ಯಾರವಾನಿನಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಹೋಗುವುದು ವಿಷಯ. ಆದಷ್ಟು ಕಡಿಮೆ ನಡೆದು ಆದಷ್ಟು ಹೆಚ್ಚು ಸಮುದ್ರ ನೋಡುವುದು ಪ್ರಯೋಜನ. ಇವುಗಳ ನಡುವಿನ ಸಂಬಂಧವನ್ನು ಬಾಡಿಗೆ ದರ ನಿರ್ಧರಿಸುತ್ತದೆ.

ಕ್ಯಾರವಾನ್ ಎಂದರೆ ನಮ್ಮಲ್ಲಿ ಬಹುಕಾಲ ಸಿನಿಮಾ ನಟರು ಶಾಟ್ ರೆಡಿಯಾಗುವವರೆಗೆ ಕೂತಿರುವ ಗಾಡಿ ಎಂದೇ ಅರ್ಥವಿತ್ತು. ಈಗ ಬೆಂಗಳೂರಿನಲ್ಲಿ ಡ್ರೈವರ್ ಸಮೇತ ಬಾಡಿಗೆಗೆ ಸಿಗುತ್ತದೆ. ಅನೇಕವು ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿದವು.

ಶಾಸ್ತ್ರ ಹೇಳುವ ಕ್ರಮವನ್ನು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹಾಕಿಕೊಟ್ಟಿದ್ದಾನೆ: ಮೊದಲು ಸೂತ್ರ, ಆಮೇಲೆ ವೃತ್ತಿ, ಬಳಿಕ ಪ್ರಯೋಗ. ಅವನ ಸೂತ್ರಗಳು ಕಂದಪದ್ಯದಲ್ಲಿವೆ. ಕಂದಕ್ಕೆ ನಾಲ್ಕು ಪಾದ ಬೇಕು. ನಮ್ಮ ಅಧಿಕಾರಿಗಳಿಗೆ ಇರುವ ಎರಡೇ ಸರಿಯಿಲ್ಲವಾದ್ದರಿಂದ ನಾವು ಗದ್ಯದಲ್ಲಿ ಮುಂದುವರಿಯುತ್ತೇವೆ.

ಅಧಿಕಾರಿ ಪ್ರಕರಣ

ಸೂತ್ರ: ನಡೆಯಲಾರದವರೆಲ್ಲ ಒಂದೇ ಥರ ನಡೆಯಲಾರದವರಲ್ಲ.

ಅಂಗವೈಕಲ್ಯದಲ್ಲಿ 7 ಬಗೆ ಎಂದು 1995ರ ಕಾಯಿದೆ ಹೇಳಿತ್ತು. 2016ರ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಪ್ರವಾಸಕ್ಕೆ ನಾಲ್ಕು ಸಾಕು.

ಮೊದಲನೆಯವರು ಸಮತಲವಾದಿಗಳು. ಸಪಾಟು ನೆಲದ ಮೇಲೆ ಇವರನ್ನು ಹಿಡಿಯುವವರಿಲ್ಲ. ಮೆಟ್ಟಿಲು ಕಂಡರೆ ಮಾತು ಬದಲಿಸುತ್ತಾರೆ. ಎರಡನೆಯವರು ಅವರೋಹಣಭೀರುಗಳು. ಹೇಗೋ ಹತ್ತಿಬಿಡುತ್ತಾರೆ, ಇಳಿಯಲಾರರು. ಸವೆದ ಮಂಡಿಗೆ ಹತ್ತುವಾಗಿನದಕ್ಕಿಂತ ಇಳಿಯುವಾಗ ನೋವು ಹೆಚ್ಚು. ಇದು ತಿಳಿಯದ ಮಕ್ಕಳು ‘ಹತ್ತಿದ್ರಲ್ಲಪ್ಪ, ಇಳಿಯೋದೇನು ಮಹಾ’ ಅನ್ನುತ್ತಾರೆ. ಮೂರನೆಯವರು ಘಟಿಕಾಮಿತರು, ಅಂದರೆ ಸೊಂಟದಲ್ಲಿ ನರ ಒತ್ತಿಕೊಂಡವರು. ಸ್ವಲ್ಪ ಹೊತ್ತು ಎಲ್ಲರಂತೆ ನಡೆಯುತ್ತಾರೆ, ಆಮೇಲೆ ಕೂರಲೇಬೇಕು. ತುಸು ಮುಂದಕ್ಕೆ ಬಾಗಿ ಕೂತೆದ್ದರೆ ಮತ್ತಷ್ಟು ದಾರಿ ಸಾಗುತ್ತದೆ. ಇವರಿಗೆ ಬೇಕಾದ್ದು ಗಾಲಿಕುರ್ಚಿಯಲ್ಲ, ದಾರಿಯುದ್ದಕ್ಕೂ ಬೆಂಚು.

ನಾಲ್ಕನೆಯವರು ಪಾದರಕ್ಷಾಪಾಲಕರು. ‘ನೀವೆಲ್ಲ ಹೋಗಿ ಬನ್ನಿ, ನಾನಿಲ್ಲೇ ಚಪ್ಪಲಿ ನೋಡ್ಕೋತೀನಿ’ ಎಂಬುದು ಇವರ ಲಕ್ಷಣವಾಕ್ಯ. ಪ್ರತಿ ಕುಟುಂಬದ ಪ್ರತಿ ಪ್ರವಾಸದಲ್ಲೂ ಒಬ್ಬರು ಇದ್ದೇ ಇರುತ್ತಾರೆ; ಮೋರಿಕಟ್ಟೆಯ ಮೇಲೋ, ದೇವಸ್ಥಾನದ ಹೊರಜಗಲಿಯಲ್ಲೋ ಸಿಗುತ್ತಾರೆ. ಮಡಿಲಲ್ಲಿ ಮೂರು ಮೊಬೈಲು, ಸೊಸೆಯ ವ್ಯಾನಿಟಿ ಬ್ಯಾಗು, ಮೊಮ್ಮಗ ಅರ್ಧ ತಿಂದು ಕೊಟ್ಟುಹೋದ ಚುರುಮುರಿ ಪೊಟ್ಟಣ. ನೋವಿದೆ ಎಂದು ಇವರು ಹೇಳುವುದಿಲ್ಲ, ಮಿಕ್ಕವರು ಕೇಳುವುದಿಲ್ಲ. ಸಮುದ್ರ ನೋಡಿ ಬಂದವರು ‘ಅಲ್ಲೇನೂ ಇರಲಿಲ್ಲ ಬಿಡಮ್ಮ, ಬರೀ ನೀರು’ ಎಂದು ಸಮಾಧಾನ ಹೇಳುತ್ತಾರೆ. ಈ ಗ್ರಂಥ ಮುಖ್ಯವಾಗಿ ಇವರಿಗೆ. ಚಪ್ಪಲಿ ಕಾಯುವುದಕ್ಕೆ ಕರಾವಳಿಯವರೆಗೆ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಕಾಯಬಹುದು.

ಇಲ್ಲೊಂದು ಪೂರ್ವಪಕ್ಷ: ಕ್ಯಾರವಾನೇ ಏಕೆ, ಕಾರಿನಲ್ಲಿ ಹೋಗಿ ಲಾಡ್ಜಿನಲ್ಲಿ ಉಳಿದರಾಗದೆ? ಆಗುತ್ತದೆ; ಆದರೆ ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬಂಕಿನ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂತ ಮೇಲೆ ಏಳುವುದೂ ಇರುತ್ತದೆ. ಆ ಭಯಕ್ಕೆ ಹಿರಿಯರು ಬೆಳಗ್ಗೆಯಿಂದ ನೀರೇ ಕುಡಿಯದೆ ಕೂತಿರುತ್ತಾರೆ, ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನಕ್ಕೆ ತಲೆ ಸುತ್ತುತ್ತದೆ. ಕಮೋಡು ನಾಲ್ಕು ಹೆಜ್ಜೆಯಲ್ಲಿದೆ ಎಂದು ಗೊತ್ತಿರುವವರು ನಿಶ್ಚಿಂತೆಯಿಂದ ಎಳನೀರು ಕುಡಿಯುತ್ತಾರೆ. ಕ್ಯಾರವಾನಿನ ಪರವಾಗಿ ಇದೊಂದೇ ವಾದ ಸಾಕು. ಟಿವಿ, ಸೋಫಾ, ಬಣ್ಣದ ದೀಪ ಎಲ್ಲ ಅರ್ಥವಾದ, ಅಂದರೆ ಬರೀ ಹೊಗಳಿಕೆ.

ಮೆಟ್ಟಿಲು ಪ್ರಕರಣ

ಸೂತ್ರ: ಬಂಡಿಯ ಯೋಗ್ಯತೆ ಬಾಗಿಲಲ್ಲಿ.

ಬಾಡಿಗೆಯವರು ಕಳಿಸುವ ಫೋಟೊಗಳಲ್ಲಿ ಒಳಗಿನದೆಲ್ಲ ಇರುತ್ತದೆ, ಒಳಗೆ ಹೋಗುವ ಬಗೆ ಇರುವುದಿಲ್ಲ. ನೆಲದಿಂದ ಮೊದಲ ಮೆಟ್ಟಿಲಿನ ಎತ್ತರ ಎಷ್ಟು ಎಂದು ಕೇಳಿದರೆ ಫೋನಿನ ಆ ಕಡೆ ಮೌನ. ಬಿಡಬಾರದು, ಟೇಪು ಹಿಡಿದು ಅಳೆಯಲು ಹೇಳಬೇಕು. ಮನೆಯ ಮೆಟ್ಟಿಲು ಆರೇಳು ಇಂಚು. ಗಾಡಿಯದ್ದು ಅದರ ಎರಡರಷ್ಟಿರುವುದು ಅಪರೂಪವಲ್ಲ.

ರ್‍ಯಾಂಪ್ ಹಾಕಿಸಿದರಾಯಿತು ಎಂದು ಅಳಿಯಂದಿರು ಹೇಳುತ್ತಾರೆ. ಲೆಕ್ಕ ಮಾಡೋಣ. ಗಾಲಿಕುರ್ಚಿಗೆ ಒಪ್ಪಿತವಾದ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಗಾಡಿಯ ನೆಲ ಎರಡಡಿ ಎತ್ತರವಿದ್ದರೆ ರ್‍ಯಾಂಪ್ 24 ಅಡಿ. ಟೆಂಪೊ ಟ್ರಾವೆಲರೇ ಅಷ್ಟು ಉದ್ದವಿಲ್ಲ. ರ್‍ಯಾಂಪನ್ನು ಹೊತ್ತು ತರಲು ಇನ್ನೊಂದು ಗಾಡಿ ಬೇಕು. ಹಾಗಾಗಿ ಒಂದು ವಿಷಯ ತಮಾಷೆ ಬಿಟ್ಟು ಹೇಳುತ್ತೇನೆ: ಎದ್ದು ನಿಲ್ಲಲೂ ಆಗದವರಿಗೆ ಲಿಫ್ಟ್ ಜೋಡಿಸಿದ ವಾಹನವೇ ಬೇಕು. ‘ನಾವು ಎತ್ಕೊಂಡು ಹತ್ತಿಸ್ತೀವಿ ಸಾರ್’ ಎಂಬ ಡ್ರೈವರನ ಭರವಸೆಯ ಮೇಲೆ ಮುಂಗಡ ಕೊಡಬೇಡಿ. ಅವನ ಸೊಂಟವೂ ಸೊಂಟವೇ.

ಮಿಕ್ಕವರಿಗೆ ಉಪಾಯ ಪೆಟ್ಟಿಗೆ. ಪ್ಲಾಸ್ಟಿಕ್ ಸ್ಟೂಲು ನಿಷಿದ್ಧ. ಮರಳಿನಲ್ಲಿ ಅದರ ಒಂದು ಕಾಲು ಹೂತು ಹೋಗುತ್ತದೆ, ಆಮೇಲೆ ನಮ್ಮದು. ಅಗಲವಾದ ಗಟ್ಟಿ ಮರದ ಪೆಟ್ಟಿಗೆ, ಕೆಳಗೆ ಹಳೆ ಟೈರಿನ ರಬ್ಬರು ಹೊಡೆಸಿ, ಎತ್ತರ ಸರಿಯಾಗಿ ಮೊದಲ ಮೆಟ್ಟಿಲಿನ ಅರ್ಧ. ಯಾವ ಬಡಗಿಯಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ಇನ್ನು ಪ್ರಯೋಗ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು. ಅವರೋಹಣಭೀರುಗಳು ರಸ್ತೆಗೆ ಬೆನ್ನು ಮಾಡಿ, ಗಾಡಿಯ ಕಡೆ ಮುಖವಿಟ್ಟು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಹಿಮ್ಮುಖವಾಗಿ ಇಳಿಯುವುದು ಉತ್ತಮ. ನೋಡುವವರು ನೋಡಿಕೊಳ್ಳಲಿ.

ಒಳಗೆ ಜಾಗ ಇಕ್ಕಟ್ಟು ಎಂಬುದು ದೋಷವಲ್ಲ, ಗುಣ. ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಹಿಡಿಯಲು ಏನಾದರೂ ಸಿಗುತ್ತದೆ. ಮೇಲಿನ ಮಂಚ ಮೊಮ್ಮಕ್ಕಳಿಗೆ. ಹಿಂದಿನ ಚಕ್ರದಿಂದಲೂ ಆಚೆಗಿರುವ ಸೀಟು ಯಾರಿಗೂ ಬೇಡ, ಹಂಪು ಬಂದಾಗ ಮೊದಲು ಹಾರುವವರು ಅಲ್ಲಿ ಕೂತವರು. ಗಾಡಿ ಓಡುತ್ತಿರುವಾಗ ಶೌಚಾಲಯಕ್ಕೆ ಹೊರಡುವುದು ಮಹಾಪಾತಕ.

ಘಟ್ಟ ಪ್ರಕರಣ

ಆಗುಂಬೆಗೆ 14 ಹೇರ್‌ಪಿನ್ ತಿರುವು, ಚಾರ್ಮಾಡಿ ಇಕ್ಕಟ್ಟು, ದೊಡ್ಡ ವಾಹನಗಳಿಗೆ ಎರಡೂ ಕಡೆ ನಿರ್ಬಂಧ. ಬೆಂಗಳೂರಿನಿಂದ ಸಕಲೇಶಪುರ ದಾಟಿ ಶಿರಾಡಿಯಲ್ಲಿ ಮಂಗಳೂರಿಗೆ ಇಳಿಯಿರಿ. ಮಳೆಗಾಲದಲ್ಲಿ ಯಾವ ಘಟ್ಟವೂ ಬೇಡ, ಕಡಲೂ ಬೇಡ.

ದಿಕ್ಕು ಪ್ರಕರಣ

ಸೂತ್ರ: ತೆಂಕಣಿಂದ ಬಡಗಣಕ್ಕೆ ಹೋಗು.

ಇಡೀ ಗ್ರಂಥದ ಜೀವ ಇಲ್ಲಿದೆ. ಆತುರದವರು ಇಷ್ಟನ್ನೇ ಓದಿದರೂ ಸಾಕು. ಕರ್ನಾಟಕದ ಕರಾವಳಿಯುದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 66 ಓಡುತ್ತದೆ, ಸಮುದ್ರ ಅದರ ಪಶ್ಚಿಮಕ್ಕೆ. ನಾವು ಗಾಡಿ ಓಡಿಸುವುದು ಎಡಕ್ಕೆ, ನಮ್ಮ ಗಾಡಿಯ ಬಾಗಿಲಿರುವುದೂ ಎಡಕ್ಕೆ. ಮಂಗಳೂರಿನಿಂದ ಉತ್ತರಕ್ಕೆ ಹೊರಟರೆ ಸಮುದ್ರ, ರಸ್ತೆಯ ಅಂಚು, ಬಾಗಿಲು ಮೂರೂ ಒಂದೇ ಬದಿಗೆ ಬೀಳುತ್ತವೆ. ಕಾರವಾರದಿಂದ ದಕ್ಷಿಣಕ್ಕೆ ಬಂದರೆ ಇದೇ ರಸ್ತೆಯಲ್ಲಿ, ಇದೇ ಗಾಡಿಯಲ್ಲಿ ಬಾಗಿಲು ಗುಡ್ಡದ ಕಡೆ ತೆರೆಯುತ್ತದೆ. ಸಮುದ್ರಕ್ಕೆ ಹೋಗಲು ನಾಲ್ಕು ಪಥ ಮತ್ತು ಒಂದು ಡಿವೈಡರ್ ದಾಟಬೇಕು. ಲಾರಿಗಳು ಘಟಿಕಾಮಿತರಿಗಾಗಿ ನಿಲ್ಲುವುದಿಲ್ಲ. ಇಷ್ಟು ಸರಳ ಸಂಗತಿಯನ್ನು ಪ್ರವಾಸದ ಪಟ್ಟಿ ಹಾಕುವವರು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಆಶ್ಚರ್ಯ. ಅವರಿಗೆಲ್ಲ ಮಂಡಿ ಚೆನ್ನಾಗಿರಬೇಕು.

ಇದಕ್ಕೆ ಉಪಸೂತ್ರ ಒಂದುಂಟು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಸಮುದ್ರದ ಕಡೆಯಿಂದಲೇ ಎಡ ಕಿಟಕಿಗಳಿಗೆ ಹೊಡೆಯುತ್ತದೆ. ಓಡಾಟ ಬೆಳಗ್ಗೆ, ನಿಲುಗಡೆ ಸಂಜೆ. ಐದೂವರೆಗೆ ಬಾಗಿಲು ತೆರೆದರೆ ಸೂರ್ಯಾಸ್ತ ಮೆಟ್ಟಿಲ ಮೇಲೆ ಬಂದು ಕೂರುತ್ತದೆ.

ತೀರ ಪ್ರಕರಣ

ಸೂತ್ರ: ತೀರವನ್ನು ಹೆಸರಿನಿಂದ ಅಳೆಯಬೇಡ, ಹೆಜ್ಜೆಯಿಂದ ಅಳೆ.

ಹೆಜ್ಜೆಯ ಲೆಕ್ಕ ಸ್ಥಳೀಯರನ್ನು ಕೇಳಿದರೆ ಸಿಗುವುದಿಲ್ಲ. ಮಂಗಳೂರಿನಲ್ಲಿ ‘ಇಲ್ಲೇ ಮಾರಾಯ್ರೆ’, ಕುಂದಾಪುರದಲ್ಲಿ ‘ಇಲ್ಲೇ ಕಾಣಿ’, ಹೊನ್ನಾವರದ ಕಡೆ ‘ಇಲ್ಲೇ ಅದೆ’. ಮೂರರಲ್ಲೂ ‘ಇಲ್ಲೇ’ ಎಂಬುದರ ಉದ್ದ ಹೇಳುವವನ ಮಂಡಿಯನ್ನು ಅವಲಂಬಿಸಿದೆ. ಕೂರಲು ಜಾಗವಿದೆಯೇ, ಮೆಟ್ಟಿಲಿದೆಯೇ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳಬೇಕು.

ಮುಕ್ತಿಯಲ್ಲೂ ತಾರತಮ್ಯ ಉಂಟು ಎಂದು ಹೇಳಿದ ಮಧ್ವಾಚಾರ್ಯರ ಉಡುಪಿ ದಾರಿಯಲ್ಲೇ ಸಿಗುವುದರಿಂದ, ಕಡಲತೀರಗಳನ್ನೂ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ ಎಂದು ವಿಂಗಡಿಸಿದರೆ ತಪ್ಪಾಗಲಾರದು.

ಸಾಲೋಕ್ಯ ಎಂದರೆ ಸಮುದ್ರವಿರುವ ಲೋಕದಲ್ಲೇ ನಾವೂ ಇರುವುದು. ಸೀಟಿನಿಂದ ಏಳದೆ ನೋಡುವುದು. ಇದರ ಪರಮಪದ ಮರವಂತೆ. ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಉತ್ತರಕ್ಕೆ ಮುಖ ಮಾಡಿದ ಗಾಡಿಯಲ್ಲಿ ಎಡಗಡೆ ಕೂತವರಿಗೆ ಅಲೆ, ಬಲಗಡೆ ಕೂತವರಿಗೆ ತೆಂಗಿನ ಸಾಲಿನ ಹೊಳೆ. ಗಾಡಿಯನ್ನು ಹೆದ್ದಾರಿಯ ಮೇಲೆ ನಿಲ್ಲಿಸದೆ ಬದಿಯ ನಿಲುಗಡೆಯಲ್ಲೇ ನಿಲ್ಲಿಸಿ. ನೀರಿಗೆ ಇಳಿಯುವ ಯೋಚನೆ ಬೇಡ; ಬಂಡೆಗಲ್ಲು, ಸೆಳೆತ ಎರಡೂ ಇವೆ. ಇಳಿಯಲಾರದವರಿಗೆ ಇದರಿಂದ ನಷ್ಟವೇನೂ ಇಲ್ಲ. ಒಂದು ತೀರದಲ್ಲಾದರೂ ಮಂಡಿ ಇದ್ದವರೂ ಇಲ್ಲದವರೂ ಸಮಾನರು.

ಸಾಮೀಪ್ಯಕ್ಕೆ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. 2020ರಲ್ಲಿ ಎರಡಕ್ಕೂ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅದರ 33 ಮಾನದಂಡಗಳಲ್ಲಿ ನಡೆಯಲಾರದವರಿಗೆ ದಾರಿ, ಶೌಚಾಲಯಗಳೂ ಸೇರಿವೆ. ಮಾನ್ಯತೆಯನ್ನು ವರ್ಷ ವರ್ಷವೂ ಹೊಸದಾಗಿ ಪಡೆಯಬೇಕಾದ್ದರಿಂದ ಹೊರಡುವ ಮುನ್ನ ವಿಚಾರಿಸಿ. ಗಾಲಿಕುರ್ಚಿ ಇದೆಯೇ ಎನ್ನುವುದರ ಜೊತೆಗೆ ಅದನ್ನಿಟ್ಟ ಕೋಣೆಯ ಬೀಗದ ಕೈ ಯಾರ ಹತ್ತಿರವಿದೆ ಎಂದೂ ಕೇಳಿ.

ಸಾರೂಪ್ಯ ಎಂದರೆ ಬೆವರಿ ಬೆವರಿ ಮನುಷ್ಯನೂ ಉಪ್ಪುನೀರೇ ಆಗಿಬಿಡುವುದು. ಕರಾವಳಿಯಲ್ಲಿ ಇದು ಸಾಧನೆಯಿಲ್ಲದೆ ಎಲ್ಲರಿಗೂ ಸಿದ್ಧಿಸುತ್ತದೆ. ಎಸಿ ಕೆಟ್ಟರೆ ಇನ್ನೂ ಬೇಗ.

ಸಾಯುಜ್ಯ ಎಂದರೆ ಪಾದಕ್ಕೆ ನೀರು ತಾಗುವುದು. ಇದಕ್ಕೆ ಅಡ್ಡಿ ಸಮುದ್ರವಲ್ಲ, ಒಣಮರಳು. ಅದು ಕಾಲಡಿಗೆ ಜಾರುತ್ತದೆ, ಕೋಲನ್ನು ನುಂಗುತ್ತದೆ. ಅದನ್ನು ದಾಟಿದರೆ ಅಲೆ ಬಂದುಹೋದ ಒದ್ದೆ ಮರಳು ಗಟ್ಟಿ, ಸಮತಲವಾದಿಗಳು ಅದರ ಮೇಲೆ ಹಾಯಾಗಿ ನಡೆಯಬಹುದು. ಹಾಗಾಗಿ ಭರತ ಇಳಿತದ ಹೊತ್ತು ತಿಳಿದಿರಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ನಡೆಯುವ ಆಸೆಯವರು ಇಳಿತದಲ್ಲಿ ಹೋಗಲಿ, ಗಟ್ಟಿ ನೆಲ ಅಗಲವಾಗಿ ತೆರೆದಿರುತ್ತದೆ. ಪಾದ ತೋಯಿಸಿಕೊಂಡರೆ ಸಾಕು ಎನ್ನುವವರು ಭರತದಲ್ಲಿ ಹೋಗಲಿ, ಒಣಮರಳು ಮುಗಿದಲ್ಲೇ ನೀರು ಸಿಗುತ್ತದೆ. ಬಲೆ ಸರಿಪಡಿಸುತ್ತ ಕೂತ ಯಾವ ಮೀನುಗಾರನನ್ನು ಕೇಳಿದರೂ ಹೊತ್ತು ಹೇಳುತ್ತಾನೆ. ದೂರದ ವಿಷಯದಲ್ಲಿ ನಂಬದಿದ್ದರೂ ಈ ವಿಷಯದಲ್ಲಿ ಅವನನ್ನು ನಂಬಬಹುದು. ಕುರ್ಚಿ ಹಾಕಿ ಕೂರುವುದಾದರೆ ಅದರ ಕಾಲುಗಳ ಕೆಳಗೆ ಹಲಗೆ ಇರಲಿ, ಇಬ್ಬರು ಹಿಡಿದಿರಲಿ. ಹಿಂದೆ ಸರಿಯುವ ಅಲೆ ಮೊದಲು ಕೀಳುವುದು ಕುರ್ಚಿಕಾಲಿನ ಕೆಳಗಿನ ಮರಳನ್ನು.

ಇನ್ನು ಮುಕ್ತಿಯಿಲ್ಲದ ತೀರಗಳು. ಗೋಕರ್ಣದ ಓಂ ಬೀಚಿಗೆ ಗಾಡಿ ನಿಲ್ಲುವ ಜಾಗದಿಂದ ಮೆಟ್ಟಿಲಿಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್‌ಗಳಿಗೆ ಗುಡ್ಡ ಹತ್ತಬೇಕು ಅಥವಾ ದೋಣಿ ಹಿಡಿಯಬೇಕು. ಕಾಪುವಿನ ದೀಪಸ್ತಂಭ 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು; ದೂರದಿಂದ ಕಾಣಲೆಂದೇ ಕಟ್ಟಿದ್ದಾದ್ದರಿಂದ ದೂರದಿಂದಲೇ ನೋಡುವುದು ಅದಕ್ಕೆ ಅಗೌರವವಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಅಲ್ಲಿನ ಶಿಲಾಕಂಬಗಳು ಸುಮಾರು 8.8 ಕೋಟಿ ವರ್ಷಗಳಿಂದ ನಿಂತಿವೆಯಂತೆ. ನಿಂತುಕೊಂಡಿರುವುದೇ ಸಾಧನೆ ಎಂಬುದನ್ನು ನಮ್ಮ ಅಧಿಕಾರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುರ್ಡೇಶ್ವರ ಮಾತ್ರ ವಿಶೇಷ ವರ್ಗ: 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಕೆಳಗೆ ಹತ್ತು ಮೆಟ್ಟಿಲು ಹತ್ತಲಾರದವರೂ ಮೇಲಿಂದ ಸಮುದ್ರವನ್ನೂ 123 ಅಡಿಯ ಶಿವನನ್ನೂ ನೋಡಬಹುದು. ಕ್ಯೂ ಎಷ್ಟುದ್ದ ಇದೆ ಎಂದು ಮೊದಲು ಒಬ್ಬರನ್ನು ಕಳಿಸಿ ನೋಡಿಸಿ.

ಕಾರವಾರದಲ್ಲಿ ಬೀಚು ಹೆದ್ದಾರಿಯ ಪಕ್ಕದಲ್ಲೇ, ನಮ್ಮ ಎಡಕ್ಕೇ. ಅದಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಆಸುಪಾಸಿನಲ್ಲಿ ಬಂದಿದ್ದರು. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ರಾತ್ರಿ ಮರಳ ಮೇಲೆ ನಡೆದೇ ಮನೆಗೆ ಬಂದದ್ದನ್ನು ಆತ್ಮಕಥನದಲ್ಲಿ ನೆನೆದಿದ್ದಾರೆ. ಇಪ್ಪತ್ತರ ಮಂಡಿ. ಪಕ್ಕದಲ್ಲಿ ಐಎನ್‌ಎಸ್ ಚಾಪಲ್ ಎಂಬ ಯುದ್ಧನೌಕೆಯ ಸಂಗ್ರಹಾಲಯವಿದೆ. ಒಳಗೆ ಮೆಟ್ಟಿಲು, ಹೊರಗಿನಿಂದ ನೋಡಿದರೂ ಯುದ್ಧನೌಕೆ ಯುದ್ಧನೌಕೆಯೇ. ವಾಪಸು ಅಂಕೋಲೆಗೆ ಬಂದು ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಬಂದ ದಾರಿಯಲ್ಲೇ ಹಿಂದಿರುಗಿದರೆ ದಿಕ್ಕು ಪ್ರಕರಣ ವ್ಯರ್ಥ.

ಕ್ಯಾರವಾನ್ ಬಾಡಿಗೆಗೆ ಕೊಡುವವರಲ್ಲಿ ಒಂದು ಮನವಿ. ಜಾಹೀರಾತಿನಲ್ಲಿ ಟಿವಿ ಎಷ್ಟು ಇಂಚು ಎಂದು ಬರೆಯುತ್ತೀರಲ್ಲ, ಅದರ ಕೆಳಗೇ ಮೆಟ್ಟಿಲು ಎಷ್ಟು ಇಂಚು ಎಂದೂ ಬರೆಯಿರಿ.