ಕುಂಡ ಕಾಯುವ ಮಾಸ್ತರರು

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರರಲ್ಲಿ ಯಾವ ಊರಿನ ಹೊಸ ಬಡಾವಣೆ ಹೊಕ್ಕರೂ ಅಂಗಳದಲ್ಲಿ ಕುಂಡಗಳ ನಡುವೆ ಕುಕ್ಕರಗಾಲಲ್ಲಿ ಕೂತ ನಿವೃತ್ತ ಮಾಸ್ತರರೊಬ್ಬರು ಸಿಕ್ಕೇ ಸಿಗುತ್ತಾರೆ. ಮೈಮೇಲೆ ತೂತು ಬನಿಯನ್, ಕೈಯಲ್ಲಿ ಖುರಪಿ. ಮಣ್ಣು, ಉಸುಕು, ಸಗಣಿಗೊಬ್ಬರ ಜರಡಿ ಹಿಡಿದು ಹದ ಮಾಡಿ, "ಅರಭಾವಿ ತೋಟಗಾರಿಕೆ ಕಾಲೇಜಿನಾಗೂ ಇಂಥಾ ಮಣ್ಣ ನೋಡಾಕ ಸಿಗಾಂಗಿಲ್ಲ" ಎನ್ನುತ್ತಾರೆ. ಆ ಮಣ್ಣನ್ನು ಮನಸಾರೆ ಮೆಚ್ಚಿದ್ದು ಓಣಿಯ ಬೆಕ್ಕು. ಒಣಗಿದ, ಸಡಿಲವಾದ, ಕೆದರಿ ಮುಚ್ಚಲು ಹಗುರಾದ ಮಣ್ಣೇ ಅದಕ್ಕೆ ಬೇಕು. ಮಾಸ್ತರರು ಗುಲಾಬಿ ಹಚ್ಚಿದರೆ ಬೆಕ್ಕು ರಾತ್ರಿ ಬಂದು ತನ್ನ ಪಾಲಿನ ಗೊಬ್ಬರ ಸೇರಿಸಿ ಹೋಗುತ್ತದೆ.

ಸಲಹೆ ಕೊಡುವವರಿಗೆ ಬರವೇ? ಸಂಕೇಶ್ವರ ಕಡೆಯ ಬೀಗರು, ಮೆಣಸಿನಕಾಯಿ ಸೀಮೆಯವರಲ್ಲವೇ, ಖಾರಪುಡಿ ಉದುರಿಸಲು ಹೇಳಿದರು. ಕಿರಾಣಿ ಅಂಗಡಿಯವ ಡಾಂಬರ್ ಗುಳಿಗೆ ಮುಂದಿಟ್ಟ. ಮಾಸ್ತರರಿಗೆ ಏಳನೇ ಇಯತ್ತೆ ನೆನಪಾಗಿ ಪಾಠ ಶುರು: "ಬೆಕ್ಕು ಕಾಲು ನೆಕ್ಕತೈತಿ, ಅದ ಕಾಲಿಂದ ಮಾರಿ ಒರಸಿಕೊಳ್ಳತೈತಿ. ಖಾರ ಕಣ್ಣಾಗ ಹೋಕ್ಕೈತಿ. ಗುಳಿಗ್ಯಾಗ ನ್ಯಾಫ್ತಲೀನ್ ಇರತೈತಿ, ಅದಂತೂ ಅದಕ್ಕ ವಿಷ. 1960ರ ಕಾಯ್ದೆ ಗೊತ್ತೈತೇನ್ರಿ, ಪ್ರಾಣಿಹಿಂಸಾ ತಡೆ ಕಾಯ್ದೆ?" ಗುಳಿಗೆಯವ ಗುಳಿಗೆ ಒಳಗಿಟ್ಟ.

ಮುಂದಿನದೆಲ್ಲ ಅಹಿಂಸಾ ಮಾರ್ಗ. ಬಸ್ ನಿಲ್ದಾಣದ ಜ್ಯೂಸ್ ಅಂಗಡಿಯಿಂದ ಮೋಸಂಬಿ ಸಿಪ್ಪೆ ಹೊತ್ತು ತಂದರು. ವಾಸನೆ ಇರುವತನಕ ಬೆಕ್ಕು ಮೂಗು ಮುರಿಯಿತು. ಸಿಪ್ಪೆ ಒಣಗಿದ ರಾತ್ರಿ ಹಾಜರಿ ಹಾಕಿತು. ಅಂಗಡಿಯವ ಮಾತ್ರ ಮಾಸ್ತರರು ಉಪ್ಪಿನಕಾಯಿ ಧಂದೆ ಹಿಡಿದರೆಂದೇ ನಂಬಿದ್ದಾನೆ. ಘಟಪ್ರಭೆಯ ದಂಡೆಯಿಂದ ಉರುಟು ಕಲ್ಲು ಆರಿಸಿ ತಂದು ಕುಂಡದ ಮೇಲೆ ಒತ್ತೊತ್ತಾಗಿ ಹಾಸಿದರು. ಇದು ಫಲಿಸಿತು. ಕೆದರಲು ಜಾಗವಿಲ್ಲದ ಕಡೆ ಬೆಕ್ಕಿಗೇನು ಕೆಲಸ? ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಗೆದ್ದ ಹುರುಪಿನಲ್ಲಿ ಕಳೆ ತೆಗೆಯಲು ಹೋಗಿ ಕುಪ್ಪಿಗಿಡವನ್ನು ಬೇರುಸಹಿತ ಕಿತ್ತು ಅಲ್ಲೇ ಎಸೆದರು. ಅದರ ಬೇರಿನ ವಾಸನೆಯೆಂದರೆ ಬೆಕ್ಕಿಗೆ ಅಮಲು. ಅಂದು ರಾತ್ರಿ ಓಣಿಯ ಬೆಕ್ಕೆಲ್ಲ ಅಂಗಳದಲ್ಲಿ ಹೊರಳಾಡಿದವು.

"ಮೂಲ್ಯಾಗ ಒಂದು ಬುಟ್ಟಿ ಉಸುಕ ಇಡ್ರಿ, ಅಲ್ಲೇ ಹೋಕ್ಕಾವು" ಎಂದರು ಮನೆಯವರು.

"ಅಂದ್ರ ನಾ ಬೆಕ್ಕಿಗೆ ಪಾಯಖಾನಿ ಕಟ್ಟಸಬೇಕೇನು?"

ಆ ವಾರವೇ ಪಕ್ಕದವರು ಮನೆ ಕಟ್ಟಲು ಒಂದು ಲಾರಿ ಉಸುಕು ಇಳಿಸಿದರು. ಬೆಕ್ಕುಗಳು ಸಂಸಾರಸಮೇತ ಅತ್ತ ಹೊರಟವು. ಗುಲಾಬಿ ಮೊಗ್ಗು ಬಿಟ್ಟಿತು. ಮಾಸ್ತರರು ಎಲ್ಲರಿಗೂ ಉರುಟು ಕಲ್ಲಿನ ಮಹಿಮೆ ಹೇಳಿದರು. ಈಗ ಅಲ್ಲಿ ಗಿಲಾವು ಮುಗಿಯುತ್ತ ಬಂದಿದೆ, ಉಸುಕಿನ ಗುಡ್ಡೆ ಕರಗಿದೆ. ಮಾಸ್ತರರು ದಿನಾ ಸಂಜೆ ಕಂಪೌಂಡಿಗೆ ಆನಿಕೊಂಡು ಪಕ್ಕದವರನ್ನು ಕರೆಯುತ್ತಾರೆ: "ಸಾವಕಾರ್ರ, ಇಷ್ಟಕ್ಕ ನಿಲ್ಲಸ್ತೀರೇನು? ಮ್ಯಾಲೊಂದು ಮಜಲಿ ಏರಸ್ರಿ. ಹುಡುಗೂರ ಲಗ್ನ ಆದ ಮ್ಯಾಲ ಜಾಗಾ ಸಾಲಾಂಗಿಲ್ಲ."