ಕೋಡಿಂಗ್ ಕೊಟ್ರೇಶ

ಕೂಡ್ಲಿಗಿಯಿಂದ ಹಡಗಲಿಯವರೆಗೆ, ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಕೊಟ್ರೇಶನಿಲ್ಲದ ಓಣಿಯೊಂದೂ ಇಲ್ಲವಾದುದರಿಂದ, ನಾನು ವರ್ಣಿಸಲಿರುವ ಕೊಟ್ರೇಶನು ತಾನೇ ಎಂದು ಯಾರೂ ಮುನಿಯಬೇಕಾದುದಿಲ್ಲ. ಎಂಜಿನಿಯರಿಂಗ್ ಪದವಿಯನ್ನು ಸಂಪಾದಿಸಿ, ಬೆಂಗಳೂರಿನ ಸಂದರ್ಶನದ ಕರೆಯನ್ನು ನಿರೀಕ್ಷಿಸುತ್ತ, ಮಾಳಿಗೆಯ ಮೇಲೆ ಲ್ಯಾಪ್‌ಟಾಪನ್ನು ತೊಡೆಯಲ್ಲಿರಿಸಿಕೊಂಡು ತಪೋನಿರತರಾದ ತರುಣರೆಲ್ಲರೂ ಆತನೇ. ಶೇಂಗಾ ಬಿಡಿಸಲು ಕರೆದ ತಾಯಿಗೆ ‘ಪ್ರಾಬ್ಲಮ್ ಐತವ್ವ’ ಎಂದು ಆತನು ಉತ್ತರವೀಯುವನು. ಆ ಸಾಧ್ವಿಯೋ ಗಾಬರಿಗೊಂಡು ಕೊಟ್ಟೂರು ಬಸವೇಶ್ವರನಿಗೆ ಕಾಯಿ ಒಡೆಸುವ ಹರಕೆ ಹೊರುವಳು.

ಈ ಸಲದ ಪ್ರಾಬ್ಲಮ್ಮು ಇಂಟರ್ವಲ್ಲಿನದು. ನಮ್ಮವರಿಗೆ ಇಂಟರ್ವಲ್ಲೆಂದರೆ ಟಾಕೀಸಿನ ಹೊರಗೆ ಮಂಡಕ್ಕಿ, ಮಿರ್ಚಿ ತಿನ್ನುವ ಹೊತ್ತು. ಕೊಟ್ರೇಶನಿಗಾದರೋ, ಕ್ರಮಗೆಟ್ಟು ಒಂದೊಂದಾಗಿ ಬರುವ ಸಂಖ್ಯೆಗಳಲ್ಲಿ ಒತ್ತೊತ್ತಾಗಿರುವವನ್ನು ಬೆಸೆದು, ಕೇಳಿದೊಡನೆ ಸಾಲುಗಳ ಪಟ್ಟಿಯೊಪ್ಪಿಸುವ ಗಹನವಿದ್ಯೆ. ಸಂಖ್ಯೆ ಬಂದಾಗಲೆಲ್ಲ ಇಡೀ ರಾಶಿಯನ್ನು ಮರಳಿ ಜೋಡಿಸುವವನು ಮೂಢನೆಂದೂ, ಸಾಲುಗಳನ್ನು ಸಮತೋಲದ ವೃಕ್ಷವೊಂದರಲ್ಲಿ ಕ್ರಮವಾಗಿರಿಸಿ ಎಡದ ನೆರೆ, ಬಲದ ನೆರೆ ಇವೆರಡನ್ನೇ ವಿಚಾರಿಸುವವನು ಜಾಣನೆಂದೂ, ಎರಡು ಕಡೆಯೂ ನೆರೆಯುಳ್ಳ ಸಂಖ್ಯೆಯೇ ಅತ್ಯಂತ ಕುಟಿಲವೆಂದೂ ಆತನು ಬೋಧಿಸಿದುದು ಕೂಡ್ಲಿಗಿಯಿಂದ ಹರಪನಹಳ್ಳಿಗೆ ಹೋಗುವ ಬಸ್ಸಿನಲ್ಲಿ. ಬೆಸೆಯುವ ವಿಷಯದಲ್ಲಿ ಹರಪನಹಳ್ಳಿಯವರಿಗೆ ಪಾಠ ಹೇಳಹೊರಡುವುದು ಸಾಹಸವೇ ಸರಿ: 1997ರಲ್ಲಿ ಬಳ್ಳಾರಿಯಿಂದ ಕಳಚಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ನೆರೆಯ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯಲ್ಲಿ ಬೆಸೆದುಕೊಂಡ ಊರದು. ‘ನಮ್ಮನ್ನ ಯಾವ ಗಿಡಕ್ಕ ಕಟ್ಟಿದಿಯಪ್ಪ?’ ಎಂದು ಮುಂದಿನ ಸೀಟಿನ ಹಿರಿಯರೊಬ್ಬರು ಕೇಳಿಯೇಬಿಟ್ಟರು.

ಕೊಟ್ಟೂರು ಬಂದಿತು. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲುಗಳ ವೃಷ್ಟಿ: 11ರ ಮೇಲೊಂದು, 15ರ ಮೇಲೊಂದು, 13ರ ಮೇಲೊಂದು; ಅಜ್ಜಿಯೊಬ್ಬಳು 12ಕ್ಕೆ ಎಲೆಯಡಿಕೆಯ ಚೀಲವನ್ನೇ ತೂರಿದಳು. ಹರ್ಷಪುಲಕಿತನಾದ ಕೊಟ್ರೇಶನು ತಟ್ಟನೆ ಎದ್ದು, ಹಿಂದೆ ಕುಳಿತಿದ್ದ ನನ್ನತ್ತ ತಿರುಗಿ, ‘ನೋಡ್ರಿ ಸರ್! 11ರಿಂದ 13 ಒಂದಾತು, 15 ಒಂಟಿ! ಈಗ 14 ಬಿತ್ತಂದ್ರ...’ ಎನ್ನುವಷ್ಟರಲ್ಲಿ, ಆತನು ತೆರವು ಮಾಡಿದ್ದ 14ರ ಮೇಲೆ ಕೆಂಪಂಚಿನ ಟವೆಲೊಂದು ಬಂದು ಬಿದ್ದಿತು.

‘11ರಿಂದ 15 ಫುಲ್! ನಿಂತೋರು ಹಿಂದಕ್ಕ ಸರೀರಿ’ ಎಂದನು ಕಂಡಕ್ಟರನು, ತಲೆಯೆತ್ತದೆಯೇ, ಟಿಕೆಟ್ ಹರಿಯುತ್ತ.

ಕೊಟ್ರೇಶನು ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು ಹರಪನಹಳ್ಳಿಯವರೆಗೆ ನಿಂತೇ ಬಂದನು.