ಜೀಪಿನಲ್ಲಿ ಅಗ್ನಿನಂದಕದ ಸ್ಥಾನಮಾನ: ಒಂದು ಸಶಾಸ್ತ್ರ ವಿವೇಚನೆ

ಒಂದು: ಧೂಮವಿಚಾರ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬೇಕು, ಅಡುಗೆಮನೆಯಲ್ಲಿ ಇರುವ ಹಾಗೆ ಎಂಬುದು ನಮ್ಮ ತರ್ಕಶಾಸ್ತ್ರದ ಬಹಳ ಹಳೆಯ ಪಾಠ. ಈ ಪಾಠ ಹೇಳಿಕೊಟ್ಟ ನೈಯಾಯಿಕರು ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಲ್ಲ. ಹೋಗಿದ್ದರೆ 1343 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಹೊಗೆ ಎಲ್ಲೆಲ್ಲಿಂದ ಏಳುತ್ತದೆಂದು ಕಂಡು ಗ್ರಂಥವನ್ನೇ ತಿದ್ದುತ್ತಿದ್ದರು. ಇಂಜೆಕ್ಟರ್ ಸವೆದ ಡೀಸೆಲ್ ಜೀಪಿನ ಸೈಲೆನ್ಸರಿನಿಂದ ಒಂದು ಬಗೆ. ಅರ್ಧ ಕ್ಲಚ್ಚಿನಲ್ಲಿ ಏರು ಹತ್ತಿಸಿದಾಗ ಕ್ಲಚ್ ಪ್ಲೇಟಿನದು ಇನ್ನೊಂದು. ರೇಡಿಯೇಟರ್ ಕುದಿದು ಬರುವ ಆವಿ ಮೂರನೆಯದು. ಪ್ರಯಾಣಿಕರು ಅದನ್ನೂ ಹೊಗೆಯ ಲೆಕ್ಕಕ್ಕೇ ಹಾಕುತ್ತಾರೆ. ಇದನ್ನೆಲ್ಲ ನೋಡುತ್ತ ಪಕ್ಕದಲ್ಲಿ ನಿಂತ ಡ್ರೈವರ್ ಸೇದುವ ಬೀಡಿಯದು ನಾಲ್ಕನೆಯದು. ಮೊದಲ ಮೂರರಲ್ಲಿ ಬೆಂಕಿ ಇಲ್ಲ. ನಾಲ್ಕನೆಯದರಲ್ಲಿ ಇದೆ, ಆದರೆ ಆರಿಸಿ ಎನ್ನುವ ಧೈರ್ಯ ಯಾರಿಗೂ ಇಲ್ಲ. ಆದ್ದರಿಂದ ಹೇತು ಕೆಟ್ಟಿತು, ಅನುಮಾನ ಬಿದ್ದುಹೋಯಿತು.

ಹಾಗೆಂದು ಬೆಂಕಿಯೇ ಇಲ್ಲವೆಂದಲ್ಲ. ಗಡುಸಾಗಿ ಬಿರಿದ ಹಳೆಯ ರಬ್ಬರ್ ಪೈಪಿನಿಂದ ಜಿನುಗುವ ಪೆಟ್ರೋಲು, ಕಾದ ಮ್ಯಾನಿಫೋಲ್ಡಿನ ಮೇಲೆ ತೊಟ್ಟಿಕ್ಕುವ ಆಯಿಲ್, ಫ್ಯೂಸ್ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದ ಎಲ್‌ಇಡಿ ಲೈಟಿನ ವೈರು, ಮಾರ್ಚ್ ತಿಂಗಳ ಒಣಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ಇಳಿಸಿ ಫೋಟೋಗೆ ನಿಲ್ಲಿಸುವ ಉತ್ಸಾಹ: ಇವು ನಾಲ್ಕು ಸತ್ಕಾರಣಗಳು. ಮಳೆಗಾಲದಲ್ಲಿ ಬೆಂಕಿ ಎಲ್ಲಿಯದು ಎಂಬ ಆಕ್ಷೇಪಕ್ಕೆ ಸಮಾಧಾನ: ಪೆಟ್ರೋಲು ನೀರಿನ ಮೇಲೆ ತೇಲುತ್ತದೆ, ಉರಿಯುತ್ತಲೇ ತೇಲುತ್ತದೆ. ಬಕೆಟ್ ಹಿಡಿದು ಓಡಿಬಂದವನು ಬೆಂಕಿಗೆ ದಾರಿ ಮಾಡಿಕೊಡುತ್ತಾನೆ, ಅಷ್ಟೆ.

ಎರಡು: ಕ್ಷೇತ್ರಕಾರ್ಯ

ಜೀಪಿನಲ್ಲಿ ಅಗ್ನಿನಂದಕದ ಸಿಲಿಂಡರ್ ಇದೆಯೇ ಎಂಬುದು ಪ್ರಶ್ನಾವಳಿಯ ಏಕೈಕ ಪ್ರಶ್ನೆ. ಒಬ್ಬ ಮಾಹಿತಿದಾರರ ಉತ್ತರವನ್ನು ಯಥಾವತ್ತಾಗಿ ಕೊಡಲಾಗಿದೆ:

“ಇಲ್ದೆ ಎಂತ ಮಾರಾಯ್ರೆ? ಉಂಟು. ಈಗ ಇಲ್ಲ. ನಾಳೆ ಭಾವನ ಗಾಡಿಗೆ ಎಫ್‌ಸಿ, ಅಲ್ಲಿಗೆ ಹೋಗಿದೆ.”

“ಅಷ್ಟರಲ್ಲಿ ಇಲ್ಲಿ ಬೆಂಕಿ ಹತ್ತಿಕೊಂಡರೆ?”

“ಎಫ್‌ಸಿ ಆಗದಿದ್ರೆ ದಂಡ ಉಂಟು ಸರ್. ಬೆಂಕಿಗೆ ದಂಡ ಉಂಟಾ?”

ಉಂಟು, ಆದರೆ ಇಲ್ಲ ಎಂಬ ಈ ನಿಲುವು ಜೈನರ ಸ್ಯಾದ್ವಾದಕ್ಕೆ ತೀರ ಸಮೀಪದ್ದು. ಇದರಿಂದ ತಿಳಿಯುವುದೇನೆಂದರೆ, ಸಿಲಿಂಡರ್ ಹುಟ್ಟಿದ್ದು ಬೆಂಕಿಗಾಗಿ ಅಲ್ಲ, ಎಫ್‌ಸಿ ಎಂಬ ಫಿಟ್‌ನೆಸ್ ತಪಾಸಣೆಗಾಗಿ. ಅದು ವಸ್ತುವಲ್ಲ, ದಾಖಲೆ. ಆದ್ದರಿಂದಲೇ ಅದರ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚುವುದಿಲ್ಲ. ಸೇಫ್ಟಿ ಪಿನ್ನು ದಾರಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತದೆಂದು ಅದನ್ನು ಬೈಂಡಿಂಗ್ ವೈರಿನಿಂದ ಮೂರು ಸುತ್ತು ಬಿಗಿದು, ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ತಿರುಚಿ ಒತ್ತಿರುತ್ತಾರೆ. ಆಯುಧಪೂಜೆಯಂದು ಅದಕ್ಕೂ ವಿಭೂತಿಯ ಮೂರು ಪಟ್ಟೆ ಬೀಳುತ್ತದೆ. ಪಟ್ಟೆ ಎಳೆಯಲು ಸಪಾಟಾಗಿ ಸಿಗುವ ಜಾಗ ಒತ್ತಡ ತೋರಿಸುವ ಗೇಜಿನ ಗಾಜು ಮಾತ್ರವಾದ್ದರಿಂದ, ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಎಂಬ ರಹಸ್ಯ ಮುಂದಿನ ದಸರೆಯವರೆಗೆ ದೇವರಿಗಷ್ಟೇ ಗೊತ್ತು.

ಮೂರು: ದ್ರವ್ಯನಿರ್ಣಯ

ಭಾರತೀಯ ಮಾನಕದ ಪ್ರಕಾರ ಬೆಂಕಿಗೂ ವರ್ಗಗಳಿವೆ. ಎ ಎಂದರೆ ಕಟ್ಟಿಗೆ, ಬಟ್ಟೆ, ಸೀಟಿನ ಸ್ಪಂಜು. ಬಿ ಎಂದರೆ ಪೆಟ್ರೋಲು, ಡೀಸೆಲು, ಆಯಿಲ್. ಸಿ ಎಂದರೆ ಅನಿಲ. ಇಲ್ಲೊಂದು ಪಾಠಾಂತರವಿದೆ: ಅಮೆರಿಕದ ಪರಂಪರೆಯಲ್ಲಿ ಸಿ ಎಂದರೆ ಕರೆಂಟು ಹರಿಯುವ ಉಪಕರಣದ ಬೆಂಕಿ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ವಾದಕ್ಕಿಳಿಯುವವರು ಯಾವ ಪ್ರತಿಯನ್ನು ಅನುಸರಿಸುತ್ತಿದ್ದೇವೆಂದು ಮೊದಲೇ ಘೋಷಿಸತಕ್ಕದ್ದು.

ಹ್ಯಾಲಾನ್ ಎಂಬ ದ್ರವ್ಯ ಒಂದು ಕಾಲಕ್ಕೆ ಸರ್ವಶ್ರೇಷ್ಠ ಎನಿಸಿತ್ತು. ಅದು ಬೆಂಕಿಯ ಜೊತೆಗೆ ಓಜೋನ್ ಪದರವನ್ನೂ ಮುಗಿಸುತ್ತಿದ್ದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ತೆರೆಮರೆಗೆ ಸರಿಯಿತು. ಅದರ ಜಾಗಕ್ಕೆ ಬಂದ ಕ್ಲೀನ್ ಏಜೆಂಟುಗಳು ಕಲೆ ಉಳಿಸುವುದಿಲ್ಲ, ವೈರಿಂಗ್ ಕೆಡಿಸುವುದಿಲ್ಲ. ಬೆಲೆ ಕೇಳಿದಾಗ ಬೆಂಕಿಗಿಂತ ಮೊದಲು ಮಾಲೀಕನೇ ತಣ್ಣಗಾಗುತ್ತಾನೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ಅನಿಲಕ್ಕಿಂತ ಉಕ್ಕಿನ ತೂಕವೇ ಹೆಚ್ಚು. ಗೇಜು ಇಲ್ಲ, ತುಂಬಿದೆಯೋ ಇಲ್ಲವೋ ತಿಳಿಯಲು ತಕ್ಕಡಿಯೇ ಬೇಕು. ಮೇಲಾಗಿ ಸಹ್ಯಾದ್ರಿಯ ಗಾಳಿ ಬೀಸುವಾಗ ಅದು ಬೆಂಕಿಯನ್ನು ಬಿಟ್ಟು ಉಡುಪಿ ಜಿಲ್ಲೆಯ ಕಡೆ ಹೊರಟುಬಿಡುತ್ತದೆ.

ಉಳಿಯುವುದು ಎಬಿಸಿ ಪುಡಿ. ಇದರ ಜೀವದ್ರವ್ಯ ಮೋನೋ ಅಮೋನಿಯಂ ಫಾಸ್ಫೇಟ್. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇದೇ ಲವಣವನ್ನು 12:61:0 ಎಂಬ ಗೊಬ್ಬರವಾಗಿ ಡ್ರಿಪ್ಪಿನಲ್ಲಿ ಬಿಡುತ್ತಾರೆ. ಹೀಗೆ ಒಂದೇ ದ್ರವ್ಯ ಬಳ್ಳಿಯ ಬುಡದಲ್ಲಿ ಪೋಷಕ, ಬೆಂಕಿಯ ಬುಡದಲ್ಲಿ ಸಂಹಾರಕ. ತೊಳೆಯದೆ ಬಿಟ್ಟರೆ ತೇವ ಹೀರಿಕೊಂಡು ಎಂಜಿನ್ನಿನ ಅಲ್ಯೂಮಿನಿಯಂ ತಿನ್ನುವುದು ಇದರ ಮೂರನೆಯ ಅವತಾರ. ಆದರೂ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮೂರೂ ವರ್ಗಕ್ಕೆ ನಡೆಯುತ್ತದೆ. ಎಷ್ಟು ಬೇಕು? ಒಂದು ಕಿಲೋ ಸಿಲಿಂಡರ್ ಹೆಚ್ಚೆಂದರೆ ಎಂಟು-ಹತ್ತು ಸೆಕೆಂಡಿನಲ್ಲಿ ಬರಿದಾಗುತ್ತದೆ. ಅದರಲ್ಲಿ ಅರ್ಧ ಗಾಬರಿಗೆ ಖರ್ಚು. ಆದ್ದರಿಂದ ಎರಡು ಕಿಲೋ ಎಂಬುದು ಪ್ರಬಂಧಕಾರನ ಮತ.

ನಾಲ್ಕು: ಸ್ಥಾನನಿರ್ಣಯ

ಕೊಡಚಾದ್ರಿಯ ಮೇಲೆ ಶಂಕರರ ಸರ್ವಜ್ಞ ಪೀಠವಿದೆ. ಮಧ್ವರು ಹುಟ್ಟಿದ ಪಾಜಕ ಘಟ್ಟದ ಕೆಳಗೆ ಉಡುಪಿಯ ಬಳಿ. ರಾಮಾನುಜರು ನೆಲೆಸಿದ್ದ ಮೇಲುಕೋಟೆಯೂ ಬೆಟ್ಟವೇ. ಇಂಥ ನಾಡಿನ ಜೀಪು ಮಾಲೀಕರಲ್ಲಿ ಮತತ್ರಯ ಬೇರೂರಿರುವುದು ಸಹಜ.

ದ್ವೈತಿಗಳ ಪ್ರಕಾರ ಸಿಲಿಂಡರ್ ಬೇರೆ, ಜೀಪು ಬೇರೆ. ಈ ಭೇದ ನಿತ್ಯ. ಜೀಪು ಬೆಟ್ಟದಲ್ಲಿ, ಸಿಲಿಂಡರ್ ಶೆಡ್ಡಿನಲ್ಲಿ. ಅದ್ವೈತಿಗಳು ಭೇದವನ್ನೇ ಒಪ್ಪುವುದಿಲ್ಲ. ಹಿಂದಿನ ಸೀಟಿನ ಕೆಳಗೆ ಜಾಕು, ಟಾರ್ಪಾಲು, ಎಳೆಯುವ ಹಗ್ಗ, ಯಾರದೋ ಒದ್ದೆ ಚಡ್ಡಿ, ಸಿಲಿಂಡರು, ಎಲ್ಲ ಒಂದೇ ತತ್ತ್ವ. ತಿರುವಿನಲ್ಲಿ ಈ ತತ್ತ್ವ ಮುಂದಕ್ಕೆ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸೇರಿಕೊಂಡರೆ ಮಾಯೆ ಒಂದೇ ಕ್ಷಣದಲ್ಲಿ ಹರಿಯುತ್ತದೆ. ವಿಶಿಷ್ಟಾದ್ವೈತಿಗಳು ಸಿಲಿಂಡರನ್ನು ಜೀಪಿನ ಅವಿಭಾಜ್ಯ ಅಂಗವೆಂದು ಬಗೆದು ರೋಲ್ ಬಾರಿಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ನೋಡಲು ಭವ್ಯ. ಬಿಚ್ಚಲು ಹದಿಮೂರರ ಸ್ಪ್ಯಾನರ್ ಬೇಕು. ಸ್ಪ್ಯಾನರ್ ಅದ್ವೈತಿಗಳ ಸೀಟಿನ ಕೆಳಗಿದೆ. ಇವರ ಆಚೆಗೆ ಕಣ್ಣಿಗೆ ಕಾಣುವವರೆಗೆ ಬೆಂಕಿಯನ್ನೇ ನಂಬದ ಚಾರ್ವಾಕರು ಬಹುಸಂಖ್ಯಾತರಾಗಿದ್ದಾರೆ. ಅವರ ವಿಚಾರ ವಿಮಾ ಕಂಪನಿಗಳ ಶಾಸ್ತ್ರಕ್ಕೆ ಸೇರಿದ್ದು.

ಈಗ ಸಿದ್ಧಾಂತ. ಸಿಲಿಂಡರ್ ಜೀಪಿಗೆ ಅಂಟಿರಬೇಕು, ಆದರೆ ಕೈ ಬಯಸಿದೊಡನೆ ಬಿಡಬೇಕು. ಪ್ಲಾಸ್ಟಿಕ್ ಕ್ಲಿಪ್ಪು ಕಲ್ಲುದಾರಿಯ ಮೊದಲ ಕುಲುಕಾಟಕ್ಕೇ ಬಿರಿಯುತ್ತದೆ. ಲಿವರ್ ಎಳೆದರೆ ತೆರೆಯುವ ಲೋಹದ ಪಟ್ಟಿಯೇ ಆಗಬೇಕು. ತಗಡಿಗೆ ಬೋಲ್ಟ್ ಹಾಕುವಾಗ ಹಿಂದೆ ಅಗಲವಾದ ವಾಷರ್, ನೈಲಾಕ್ ನಟ್ಟು. ಸಿಲಿಂಡರಿಗೂ ಪಟ್ಟಿಗೂ ನಡುವೆ ಒಂದು ತುಂಡು ರಬ್ಬರ್. ಜಾಗ: ಮುಂದಿನ ಎಡಸೀಟಿನ ಬುಡ, ಇಲ್ಲವೇ ಎರಡು ಸೀಟುಗಳ ನಡುವಿನ ರೋಲ್ ಬಾರು. ಬಾನೆಟ್ಟಿನೊಳಗೆ ಕೂಡದು, ಏಕೆಂದರೆ ಉರಿಯುವ ಮನೆಯೊಳಗೆ ಬಾವಿ ತೋಡಿದವರಿಲ್ಲ. ಡ್ರಿಲ್ ಹಿಡಿಯುವ ಮುನ್ನ ಕೆಳಗೇನಿದೆಯೆಂದು ಬಗ್ಗಿ ನೋಡಬೇಕು. ವಿಲ್ಲೀಸ್ ಕಾಲದ ಜೀಪುಗಳಲ್ಲಿ ಡ್ರೈವರ್ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕು. ಅಲ್ಲಿ ತೂತು ಕೊರೆಯುವವನು ಅಗ್ನಿನಂದಕದ ಬದಲು ಅಗ್ನಿಯನ್ನೇ ಪ್ರತಿಷ್ಠಾಪಿಸುತ್ತಾನೆ.

ಪ್ರಮಾಣಪರೀಕ್ಷೆ ಸುಲಭ. ಸೀಟ್ ಬೆಲ್ಟ್ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಕೈ ಚಾಚಬೇಕು. ಸಿಲಿಂಡರ್ ಕೈಗೆ ಬಂದರೆ ಸಿದ್ಧಾಂತ ಸ್ಥಾಪಿತ. ಬರದಿದ್ದರೆ ಅದು ಎರಡು ಕಿಲೋ ಗೊಬ್ಬರ.

ಐದು: ಪ್ರಯೋಗವಿಧಿ

ಜೀಪು ನಿಲ್ಲಿಸು, ಇಗ್ನಿಷನ್ ಆರಿಸು, ಗೇರಿನಲ್ಲಿ ಬಿಡು, ಎಲ್ಲರನ್ನೂ ಇಳಿಸು, ಚಕ್ರಕ್ಕೆ ಕಲ್ಲು ಕೊಡು. ಬಾನೆಟ್ ಪೂರ್ತಿ ಎತ್ತಿ ಒಳಗೆ ಇಣುಕುವುದು ನಮ್ಮ ರಾಷ್ಟ್ರೀಯ ಅಭ್ಯಾಸ; ಎತ್ತಿದೊಡನೆ ಒಳಗೆ ನುಗ್ಗುವ ಗಾಳಿಗೆ ಬೆಂಕಿ ಮುಖಕ್ಕೇ ಹಾರುತ್ತದೆ. ಕೊಂಡಿಯಷ್ಟೇ ಸಡಿಲಿಸಿ ಸಂದಿಯಿಂದ ಹೊಡೆಯಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತು, ಪಿನ್ ಕಿತ್ತು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು, ಹಿಡಿ ಅದುಮಿ ಅತ್ತಿತ್ತ ಬೀಸಬೇಕು. ಸಿಲಿಂಡರನ್ನು ನೆಟ್ಟಗೆ ಹಿಡಿಯದೆ ತಲೆಕೆಳಗು ಮಾಡಿದರೆ ಗ್ಯಾಸ್ ಹೊರಟುಹೋಗಿ ಪುಡಿ ಒಳಗೇ ಕೂರುತ್ತದೆ. ಒಂದು ಸಿಲಿಂಡರಿಗೆ ಆರಲಿಲ್ಲವೆಂದರೆ ಶೌರ್ಯ ಅಲ್ಲಿಗೆ ಮುಗಿಯಿತು. ದೂರ ಸರಿದು, ನೆಟ್‌ವರ್ಕ್ ಸಿಕ್ಕ ಕಡೆ 112.

ಕುಲುಕಾಟದಲ್ಲಿ ಪುಡಿ ತಳಕ್ಕಿಳಿದು ಗಟ್ಟಿಯಾಗುವುದರಿಂದ ತಿಂಗಳಿಗೊಮ್ಮೆ ಪಟ್ಟಿ ಬಿಚ್ಚಿ, ಸಿಲಿಂಡರನ್ನು ಬೋರಲು ಹಿಡಿದು, ತಳಕ್ಕೆ ಅಂಗೈಯಿಂದ ನಾಲ್ಕು ಗುದ್ದು ಕೊಡುವುದು ನಿತ್ಯಕರ್ಮ. ಗೇಜು ಒರೆಸುವುದು ಅದರ ಅಂಗ. ಬೈಂಡಿಂಗ್ ವೈರ್ ಬಿಚ್ಚುವುದು ಪ್ರಾಯಶ್ಚಿತ್ತ.

ಉಪಸಂಹಾರ

ಇಷ್ಟರಿಂದ ಸಿದ್ಧವಾದುದು: ಆಯ್ಕೆಯ ವಾದ ಅಂಗಡಿಯಲ್ಲಿ ಅರ್ಧ ಗಂಟೆಗೆ ಮುಗಿಯುತ್ತದೆ, ಫಲ ನಿಂತಿರುವುದು ಸ್ಥಾನದ ಮೇಲೆ. ಮುಂದಿನ ಸಂಶೋಧಕರಿಗೆ ಮೂರು ವಿಷಯಗಳನ್ನು ಬಿಟ್ಟುಕೊಡಲಾಗಿದೆ. ಟೂಲ್ ಬಾಕ್ಸಿನಿಂದ ಹದಿಮೂರರ ಸ್ಪ್ಯಾನರ್ ಮಾತ್ರ ಏಕೆ ಮಾಯವಾಗುತ್ತದೆ? ಲೈಟಿಗೆ ಸಾವಿರಾರು ಸುರಿಯುವ ಕೈ ಫ್ಯೂಸಿಗೆ ಏಕೆ ನಡುಗುತ್ತದೆ? ಮತ್ತು, ಭಾವನ ಎಫ್‌ಸಿ ಮುಗಿದ ಮೇಲೂ ಸಿಲಿಂಡರ್ ಇನ್ನೂ ಏಕೆ ಬಂದಿಲ್ಲ?